ಸಾನಿಯಾಳ ಫೇರ್ ನೋಟ್‌ಬುಕ್ಕುಗಳು

ಬುಧವಾರ ಹೆಡ್‌ಮಾಸ್ತರ ಖಂಡೆಪ್ಪ ಸರ್ ಗಾಜಿನ ಕಪಾಟಿನ ಬೀಗ ತೆಗೆದು, ಬರೆದು ಮುಗಿದ ಆರು ನೋಟ್‌ಬುಕ್ಕುಗಳನ್ನು ಹೊರಗೆಳೆದು, ಒಂದರ ಪಕ್ಕ ಒಂದರಂತೆ ಮೇಜಿನ ಮೇಲೆ ಇಟ್ಟರು. ಕಂದು ಕಾಗದದ ಹೊದಿಕೆ, ಮೇಲೊಂದು ಚೀಟಿ, ಚೀಟಿಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ: ಸಾನಿಯಾ, ಒಂಬತ್ತನೆಯ ತರಗತಿ. ನೋಡುತ್ತಿದ್ದಂತೆ ಹುಸ್ನಾಳ ಎದೆ ಧಸಕ್ಕೆಂದಿತು. ಮಗಳ ನೋಟ್‌ಬುಕ್ಕುಗಳು ಹೆಡ್‌ಮಾಸ್ತರರ ಕಪಾಟು ಸೇರಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಉಮಾದೇವಿ ಮೇಡಂ, ನೀವೇ ನೋಡ್ರಿ," ಎಂದರು ಖಂಡೆಪ್ಪ ಸರ್. "ಹೋದ ಸಲ ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬ್ರು ಇವನ್ನ ಕೈಯಾಗ ಹಿಡಕೊಂಡು ಫೋಟೋ ತಗಸ್ಕೊಂಡು ಹೋಗ್ಯಾರ. ಇಂಥಾ ಅಕ್ಷರ ನಮ್ಮ ಟೀಚರ್‌ಗಳದು ಸುದ್ದಾ ಇಲ್ಲ. ಈ ಹುಡುಗಿಗಿ ಬರಿಲಿಕ್ಕೆ ಬರಂಗಿಲ್ಲ ಅಂತ ನಾ ಹ್ಯಾಂಗ ಸಹಿ ಮಾಡ್ಲಿ? ನಾಳಿ ಯಾರರ ಕೇಳಿದ್ರ ನನ್ನ ನೌಕರಿ ನೀವು ಕೊಡಸ್ತೀರೇನು?"

ಉಮಾದೇವಿ ಒಂದು ನೋಟ್‌ಬುಕ್ಕನ್ನು ಎತ್ತಿಕೊಂಡು ಹಾಳೆ ತಿರುವಿದರು. ಚಿತ್ತಾಪುರದ ಕಚೇರಿಯಿಂದ ಬರುವ ಟೀಚರ್ ಅವರು. ಓದು ಬರಹ ತಲೆಗೆ ಹತ್ತದ ಮಕ್ಕಳನ್ನು, ಕಣ್ಣು ಕಿವಿ ಕೈಕಾಲಿನ ತೊಂದರೆ ಇರುವ ಮಕ್ಕಳನ್ನು ಹುಡುಕಿಕೊಂಡು ತಾಲ್ಲೂಕಿನ ಶಾಲೆ ಶಾಲೆ ತಿರುಗುವುದೇ ಅವರ ಕೆಲಸ. ಹೋದ ತಿಂಗಳು ಶಹಾಬಾದಿನ ಈ ಶಾಲೆಗೆ ಬಂದವರು ಸಾನಿಯಾಳ ಜೊತೆ ಎರಡು ದಿನ ಕುಳಿತು ಹೋಗಿದ್ದರು. ನಾಲ್ಕನೆಯ ತರಗತಿಯ ಪುಸ್ತಕ ಕೊಟ್ಟರೆ ಹುಡುಗಿ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದಳು. ಅದೇ ಪಾಠವನ್ನು ಓದಿ ಹೇಳಿದರೆ ಒಂದು ಮಾತೂ ಬಿಡದೆ ತಿರುಗಿ ಒಪ್ಪಿಸುತ್ತಿದ್ದಳು.

"ಪರೀಕ್ಷಾ ಪೇಪರ್ ಖಾಲಿ ಅವಲ್ರಿ ಸರ್," ಎಂದರು ಉಮಾದೇವಿ.

"ಅದಕ್ಕೇ ಹೇಳ್ಲಿಕತ್ತೀನಿ. ಮನ್ಯಾಗ ಹಿಂಗ ಬರಿಯೋ ಹುಡುಗಿ ಪರೀಕ್ಷಾದಾಗ ಖಾಲಿ ಕೊಡ್ತಾಳಂದ್ರ ಅದು ತೊಂದರಿ ಅಲ್ರಿ, ಹಟ. ಮೊಬೈಲ್ ಹುಚ್ಚು." ಅವರು ಹುಸ್ನಾಳ ಕಡೆ ತಿರುಗಿದರು. ಧ್ವನಿ ಮೆತ್ತಗಾಯಿತು. "ನೋಡ್ರಿ ಅಮ್ಮಾ, ನಂಗ ನಿಮ್ಮ ಹುಡುಗಿ ಮ್ಯಾಲ ಸಿಟ್ಟಿಲ್ಲ. ಆದ್ರ ಹತ್ತನೇದರಾಗ ಹಿಂಗ ಮಾಡಿದ್ರ ಸಾಲಿ ರಿಸಲ್ಟ್ ಕೆಡ್ತದ. ಏಪ್ರಿಲ್‌ನಾಗ ಟಿ.ಸಿ. ಕೊಡ್ತೀನಿ, ಒಯ್ರಿ. ಹೊಲಿಗಿ ಕಲಸ್ರಿ. ಕೈ ಇಷ್ಟು ಸಾಪ್ ಅದ, ಛಲೋ ಹೊಲೀತಾಳ."

ಕೈ ಸಾಪ್ ಅದ. ಹುಸ್ನಾ ತನ್ನೆರಡು ಕೈಗಳನ್ನು ಬುರ್ಖಾದ ತೋಳಿನೊಳಗೆ ಎಳೆದುಕೊಂಡಳು.

ಹೊರಗೆ ಬಂದ ಮೇಲೆ ಉಮಾದೇವಿ ಕಟ್ಟೆಯ ಮೇಲೆ ಕುಳಿತು ಚೀಲದಲ್ಲಿ ಪೆನ್ನು ಹುಡುಕತೊಡಗಿದರು. ಅವರ ಪೆನ್ನು ಯಾವಾಗಲೂ ಕಳೆದಿರುತ್ತಿತ್ತು.

"ಶನಿವಾರ ಚಿತ್ತಾಪುರದಾಗ ಶಿಬಿರ ಅದ, ಹುಸ್ನಾ. ಕಲಬುರಗಿಯಿಂದ ಡಾಕ್ಟರ್ ಬರ್ತಾರ, ಮಕ್ಕಳನ್ನ ಓದಿಸಿ ಬರಿಸಿ ನೋಡೋರು ಬರ್ತಾರ. ವರ್ಷಕ್ಕ ಒಂದೇ ಸಲ. ಹೆಡ್‌ಮಾಸ್ತರ ಸಹಿ ಇಲ್ಲಂದ್ರ ಒಳಗ ಕರಕೊಳ್ಳಂಗಿಲ್ಲ. ಈ ವರ್ಷ ತಪ್ಪಿದ್ರ ಹತ್ತನೇ ಪರೀಕ್ಷಾದ ಫಾರಂ ತುಂಬೋ ಹೊತ್ತಿಗಿ ಅಕಿ ಕೈಯಾಗ ತೊಂದರಿ ಅದ ಅನ್ನೋ ಕಾಗದ ಇರಂಗಿಲ್ಲ. ಕಾಗದ ಇದ್ರ ಹೆಚ್ಚಿನ ಟೈಮ್ ಸಿಗ್ತದ, ಅಕಿ ಹೇಳಿದ್ದು ಬರಕೊಳ್ಳೋರು ಸಿಗ್ತಾರ. ಟಿ.ಸಿ. ಒಯ್ರಿ ಅನ್ನೋ ಧೈರ್ಯ ಯಾರಿಗೂ ಬರಂಗಿಲ್ಲ."

"ನೀವೇ ಹೇಳ್ರಿ ಮೇಡಂ. ನನ್ನ ಮಾತು ಯಾರು ಕೇಳ್ತಾರ?"

"ನಾ ಹೇಳಿದ್ರ ಅದು ಇಲಾಖೆ ಮಾತು. ತಾಯಿ ಹೇಳಿದ್ರ ಅದು ಖರೇ ಮಾತು. ಶುಕ್ರವಾರ ಮುಂಜಾನಿ ಮತ್ತ ಬರೋಣ. ನೀ ಮೂರೇ ಮಾತು ಹೇಳು. ನನ್ನ ಮಗಳಿಗಿ ಏನು ಬರ್ತದ. ಏನು ಬರಂಗಿಲ್ಲ. ಸಾಲಿಯವರು ಏನು ಮಾಡ್ಬೇಕು. ಅಳಬ್ಯಾಡ, ಕೈ ಮುಗಿಬ್ಯಾಡ. ಅಷ್ಟು ಹೇಳಿ ಸುಮ್ನ ಕುಂದ್ರು." ಪೆನ್ನು ಸಿಕ್ಕಿತು, ಅದರಲ್ಲಿ ಶಾಯಿ ಇರಲಿಲ್ಲ. ಅದನ್ನು ಕೊಡವುತ್ತ, ಸುಮ್ಮನೆ ಕೇಳಿದಂತೆ ಕೇಳಿದರು. "ಆ ನೋಟ್‌ಬುಕ್ ಅಕಿನೇ ಬರದಾಳೇನು?"

"ಹೂಂ, ಅಕಿನೇ," ಎಂದಳು ಹುಸ್ನಾ.

ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಹುಸ್ನಾಳ ತವರು ರಾವೂರು. ಅಲ್ಲಿಯ ಕನ್ನಡ ಶಾಲೆಯಲ್ಲಿ ಅವಳು ಏಳನೆಯ ಇಯತ್ತೆಯವರೆಗೆ ಓದಿದ್ದಳು. ಅವಳ ಅಕ್ಷರವನ್ನು ಮಾಸ್ತರರು ಬೋರ್ಡಿನ ಮೇಲೆ ಬರೆಸುತ್ತಿದ್ದರು. ಮುಂದಿನ ಶಾಲೆಗೆ ವಾಡಿಗೆ ಹೋಗಬೇಕಿತ್ತು. ಅವ್ವ ಬಾಣಂತನದ ನಂಜಾಗಿ ಮಲಗಿದ್ದರಿಂದ ಆ ವರ್ಷ ಹೋಗಲಾಗಲಿಲ್ಲ. ಮರುವರ್ಷ ಕಳಿಸುವ ಮಾತು ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮದುವೆಯಾಗಿ ಶಹಾಬಾದಿಗೆ ಬಂದ ಮೇಲೆ ಅವಳ ಕೈಗೆ ಪೆನ್ನು ಬರುತ್ತಿದ್ದುದು ಪಡಿತರದ ಅಂಗಡಿಯಲ್ಲಿ ಸಹಿ ಮಾಡುವಾಗ ಮಾತ್ರ.

ಸಾನಿಯಾ ಆರನೆಯದರಲ್ಲಿದ್ದಾಗ ಒಂದು ದಿನ ಅಳುತ್ತ ಮನೆಗೆ ಬಂದಳು. ತರಗತಿಯಲ್ಲಿ ಬರೆಯುವುದು ರಫ್ ನೋಟ್‌ಬುಕ್ಕಿನಲ್ಲಿ. ಅದನ್ನು ಮನೆಯಲ್ಲಿ ಚೊಕ್ಕವಾಗಿ ಫೇರ್ ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗಬೇಕು. ಅದಕ್ಕೆ ನಂಬರ್ ಇರುತ್ತದೆ. ಸಾನಿಯಾಳ ರಫ್‌ನಲ್ಲಿ ಏನಿದೆ ಎಂದು ಸಾನಿಯಾಗೂ ತಿಳಿಯುತ್ತಿರಲಿಲ್ಲ. ಆವತ್ತು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. "ಇವತ್ತೊಂದಿನ ನಾ ಬರದು ಕೊಡ್ತೀನಿ, ನೀ ಅಳಬ್ಯಾಡ," ಎಂದು ಹುಸ್ನಾ ಪೆನ್ನು ತೆಗೆದುಕೊಂಡಳು.

ಆ ಒಂದು ದಿನ ನಾಲ್ಕು ವರ್ಷವಾಯಿತು.

ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ, ಸಂಜೆಯ ಅಡುಗೆಗೆ ಕೂರುವ ಮುಂಚೆ, ಅವಳು ಪಾಲಿಶ್ ಆದ ಪರಸಿ ಕಲ್ಲಿನ ಒಂದು ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬೆಳಕಿಗೆ ಕೂರುತ್ತಿದ್ದಳು. ಸಾನಿಯಾ ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತ ಆವತ್ತಿನ ಪಾಠ ಹೇಳುತ್ತಿದ್ದಳು. ಹಾಸುಗಲ್ಲಿಂದ ಹಾಸುಗಲ್ಲಿಗೆ ಒಂದೊಂದು ವಾಕ್ಯಕ್ಕೆ ಒಂದೊಂದು ಹೆಜ್ಜೆ. ಹುಸ್ನಾ ಬರೆದುಕೊಳ್ಳುತ್ತಿದ್ದಳು. "ಅಮ್ಮೀ, ಅಲ್ಲಿ ಚಿತ್ರ ಬರ್ತದ, ಜಾಗಾ ಬಿಡು," ಎಂದು ಮಗಳು ಹೇಳಿದರೆ ಜಾಗ ಬಿಡುತ್ತಿದ್ದಳು. ಗಂಡ ಅಲ್ಲಾವುದ್ದೀನ ಕಲ್ಲಿನ ಯಾರ್ಡಿನಿಂದ ಬರುವಷ್ಟರಲ್ಲಿ ನೋಟ್‌ಬುಕ್ಕು ಚೀಲ ಸೇರಿರುತ್ತಿತ್ತು.

ಮಗಳಿಗಾಗಿ ಮಾಡುತ್ತಿದ್ದೇನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ಅದು ಸುಳ್ಳಲ್ಲ. ಆದರೆ ಅದಷ್ಟೇ ಖರೆಯೂ ಅಲ್ಲ. ಮಧ್ಯಾಹ್ನ ಮೂರಾದರೆ ಅವಳ ಬೆರಳುಗಳು ತಾವಾಗಿ ಚಡಪಡಿಸುತ್ತಿದ್ದವು. ಎಂಟನೆಯದರ ವಿಜ್ಞಾನ, ಒಂಬತ್ತನೆಯದರ ಚರಿತ್ರೆ, ತಾನು ಕಾಲಿಡದ ತರಗತಿಗಳೆಲ್ಲ ಒಂದೊಂದಾಗಿ ತನ್ನ ಕೈಯಿಂದಲೇ ಹಾಳೆಗೆ ಇಳಿಯುವುದನ್ನು ನೋಡುವಾಗ ಅವಳಿಗೆ ಹಬ್ಬದ ಹೊಸ ಬಟ್ಟೆ ಉಟ್ಟಂಥ ಹಿಗ್ಗು. ಟೀಚರ್ ಕೆಂಪು ಶಾಯಿಯಲ್ಲಿ "ಬಹಳ ಚೆನ್ನಾಗಿದೆ" ಎಂದು ಬರೆದು ಕಳಿಸಿದ ದಿನ ರೊಟ್ಟಿ ಬಡಿಯುವ ಕೈಗೂ ಲಯ ಬರುತ್ತಿತ್ತು. ಇವತ್ತು ಆ ನೋಟ್‌ಬುಕ್ಕುಗಳನ್ನು ಗಾಜಿನ ಕಪಾಟಿನಿಂದ ತೆಗೆದಾಗ ಧಸಕ್ಕೆಂದ ಎದೆಯ ಇನ್ನೊಂದು ಮೂಲೆಯಲ್ಲಿ ಹೆಮ್ಮೆಯೂ ಇತ್ತು. ದಾರಿಯಲ್ಲಿ ಅದು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಕೆ ಬಂತು.

ಆ ಸಂಜೆ ಅಲ್ಲಾವುದ್ದೀನ ಹುಬ್ಬಿನ ಮೇಲೆ ಕಲ್ಲಿನ ಬಿಳಿ ಹಿಟ್ಟು ಹಾಗೇ ಇರುವಂತೆಯೇ ಚಹಾಕ್ಕೆ ಕುಳಿತ. ಶಿಬಿರದ ವಿಷಯ ಕೇಳಿ ಬಟ್ಟಲು ಕೆಳಗಿಟ್ಟ.

"ಕಾಗದ ಮಾಡಿಸ್ತಿ ಅಂತಿ. ನಾಳಿ ಸಂಬಂಧ ನೋಡ್ಲಿಕ್ಕ ಬಂದೋರಿಗಿ ಪೋರಿ ತಲಿ ಸರಿ ಇಲ್ಲ ಅಂತ ಯಾರರ ಹೇಳಿದ್ರ?"

"ಒಂಬತ್ತನೇದಕ್ಕ ಸಾಲಿ ಬಿಡಿಸಿ ಕಳಿಸ್ಯಾರ ಅಂದ್ರ ಏನಂತಾರ?"

"ಅದೂ ಬರೋಬರಿ," ಎಂದ. ಅವನು ವಾದ ಮಾಡುವವನಲ್ಲ. "ಹೆಡ್‌ಮಾಸ್ತರ ಒಪ್ಪಬೇಕಲ್ಲ. ಅಕ್ಷರ ಇಷ್ಟು ಛಲೋ ಅದ, ಅಂವ ಹ್ಯಾಂಗ ಒಪ್ಪತಾನ?"

ಹುಸ್ನಾ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಇವನಿಗೂ ಗೊತ್ತಿಲ್ಲ. ಒಂದು ಸುಳ್ಳು ಎಷ್ಟು ಮಂದಿಯನ್ನು ನಂಬಿಸಿಬಿಟ್ಟಿದೆ! ಹೇಳಿದರೆ ಏನಾಗಬಹುದೆಂದು ಲೆಕ್ಕ ಹಾಕಿದಳು. ಮೋಸ ಮಾಡಿದ ಹುಡುಗಿ ಎಂದು ಏಪ್ರಿಲ್‌ಗೆ ಕೊಡುವ ಟಿ.ಸಿ.ಯನ್ನು ನಾಳೆಯೇ ಕೊಡಬಹುದು. ಹೇಳದಿದ್ದರೆ ಸಹಿಯೇ ಇಲ್ಲ.

ಗುರುವಾರ ಸಂಜೆ ಸಾನಿಯಾ ಎಂದಿನಂತೆ ನೋಟ್‌ಬುಕ್ಕನ್ನು ಅವಳ ಮುಂದೆ ಹಾಕಿ, ದುಪಟ್ಟಾ ಸೊಂಟಕ್ಕೆ ಸುತ್ತಿ, ಪಾಠ ಹೇಳಲು ಅಂಗಳಕ್ಕಿಳಿದಳು.

"ಇವತ್ತು ನೀ ಬರಿ," ಎಂದಳು ಹುಸ್ನಾ.

"ನಾ? ಯಾಕಮ್ಮೀ, ಕೈ ನೋಯ್ತದೇನು?"

"ಇಲ್ಲ. ನಾ ನೋಡ್ಬೇಕು."

"ಏನ್ ನೋಡ್ತಿ? ಕಾಗಿ ಕಾಲು, ಗುಬ್ಬಿ ಕಾಲು," ಎಂದು ಹುಡುಗಿ ನಕ್ಕಳು. ತಾಯಿ ನಗದಿದ್ದುದನ್ನು ಕಂಡು ಬಂದು ಕುಳಿತು ಪೆನ್ನು ಹಿಡಿದಳು.

ಹುಸ್ನಾ ಒಂದು ವಾಕ್ಯ ಹೇಳಿದಳು. ಮಗಳು ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ ಪೆನ್ನು ಹಿಡಿದಿದ್ದಳು. ಒಂದು ಅಕ್ಷರ ಬರೆದು ನಿಂತಳು. ಹೊಡೆದು ಹಾಕಿದಳು. ಮತ್ತೆ ಅದನ್ನೇ ಬರೆದಳು. ಒತ್ತಕ್ಷರ ಬಂದಲ್ಲಿ ಪೆನ್ನು ಗಾಳಿಯಲ್ಲೇ ತಡಕಾಡಿತು. ಅಂಗಳದಲ್ಲಿ ಹರಿಯುವ ನೀರಿನಂತೆ ಮಾತಾಡುತ್ತಿದ್ದ ಹುಡುಗಿಯ ಹಣೆಯ ಮೇಲೆ ಜನವರಿಯ ತಂಪಿನಲ್ಲೂ ಬೆವರು ಕಾಣಿಸಿತು. ಐದು ಶಬ್ದಗಳ ಆ ವಾಕ್ಯ ಮುಗಿಯುವಷ್ಟರಲ್ಲಿ ಪಕ್ಕದ ಮನೆಯ ಹಾಲು ಕಾಯ್ದು ಉಕ್ಕಿದ ವಾಸನೆ ಬಂತು.

ಹುಸ್ನಾ ಆ ಸಾಲನ್ನೇ ನೋಡುತ್ತ ಕುಳಿತಳು. ನಾಲ್ಕು ವರ್ಷದಲ್ಲಿ ತನ್ನ ಮಗಳ ಅಕ್ಷರವನ್ನು ತಾನು ಇವತ್ತೇ ಮೊದಲ ಸಲ ನೋಡುತ್ತಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ದಿನಾ ತಲೆ ಬಾಚಿ ಜಡೆ ಹಾಕುವ ತಾಯಿ ಮಗಳ ನೆತ್ತಿಯ ಮೇಲಿನ ಗಾಯವನ್ನೇ ನೋಡದಿದ್ದ ಹಾಗೆ. ತಾನು ಬರೆದು ಬರೆದು ಚೆಂದಗಾಣಿಸಿದ ಹಾಳೆಗಳ ಅಡಿಯಲ್ಲಿ ಈ ಬೆವರು, ಈ ತಡಕಾಟ ಮುಚ್ಚಿಹೋಗಿತ್ತು. ಶಾಲೆಯವರು ನೋಡದಿದ್ದರೆ ಅವರದೇನು ತಪ್ಪು? ನೋಡದಂತೆ ಮಾಡಿದವಳು ತಾನು.

"ಸಾಕು ಬಿಡು," ಎಂದು ಪೆನ್ನು ತೆಗೆದಿಟ್ಟಳು. "ನಾಳಿ ನಾ ಹೆಡ್‌ಮಾಸ್ತರಗ ಹೇಳ್ತೀನಿ. ನಾನೇ ಬರದೀನಿ ಅಂತ."

ಸಾನಿಯಾ ಗಾಬರಿಯಾಗಲಿಲ್ಲ. ನೋಟ್‌ಬುಕ್ಕು ಮುಚ್ಚುತ್ತ, "ಹಂಗಾದ್ರ ನಾ ಇನ್ನ ಚೀಲ ಮುಚ್ಚಿ ಮುಚ್ಚಿ ಇಟಗೋಬೇಕಾಗಿಲ್ಲ ಅಲಾ?" ಎಂದಳು.

ಶುಕ್ರವಾರ ಮುಂಜಾನೆ ಖಂಡೆಪ್ಪ ಸರ್ ಕೋಣೆಯಲ್ಲಿ ಕನ್ನಡದ ಸುಂದರಮ್ಮ ಟೀಚರ್ ಕೂಡ ಇದ್ದರು. ಉಮಾದೇವಿ ಹುಸ್ನಾಳ ಮೊಣಕೈ ಮುಟ್ಟಿ "ಮೂರು ಮಾತು," ಎಂದು ಪಿಸುಗುಟ್ಟಿದರು.

"ಸರ್," ಎಂದಳು ಹುಸ್ನಾ. "ನನ್ನ ಮಗಳಿಗಿ ಕೇಳಿದ್ದೆಲ್ಲಾ ತಿಳೀತದ, ನೆನಪಿರ್ತದ, ಹೇಳ್ಲಿಕ್ಕ ಬರ್ತದ. ಓದ್ಲಿಕ್ಕ, ಬರಿಲಿಕ್ಕ ಬರಂಗಿಲ್ಲ. ಆ ನೋಟ್‌ಬುಕ್ ಅಕಿ ಬರದಿಲ್ರಿ." ಮೂರನೆಯ ಮಾತು ಬಿಟ್ಟೇ ಹೋಯಿತು. "ನಾ ಬರದೀನಿ. ಅವು ನನ್ನವು."

ಕೊನೆಯ ಮಾತಿನಲ್ಲಿ ಅಂಜಿಕೆಗಿಂತ ಬೇರೇನೋ ಇತ್ತು. ಅದು ಅವಳ ಕಿವಿಗೂ ಕೇಳಿಸಿತು.

ಉಮಾದೇವಿ ಗಕ್ಕನೆ ತಿರುಗಿ ನೋಡಿದರು. "ನನಗ ಮೊನ್ನಿ ಅಕಿನೇ ಬರದಾಳ ಅಂದೆಲ್ಲಾ?"

"ಸುಳ್ಳು ಹೇಳ್ದೆ ಮೇಡಂ."

ಖಂಡೆಪ್ಪ ಸರ್ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ನೋಡ್ರಿ ಅಮ್ಮಾ. ತಾಯಂದ್ರು ಮಕ್ಕಳ ಸಲುವಾಗಿ ಗುಡ್ಡಾ ಹೊತ್ತೀನಿ ಅಂತಾನೂ ಹೇಳ್ತಾರ. ಸಹಿ ಬೇಕಂತ ಹಿಂಗೆಲ್ಲಾ ಹೇಳಬ್ಯಾಡ್ರಿ. ನೀವು ಎಷ್ಟನೇ ಇಯತ್ತೆ ಓದೀರಿ?"

"ಏಳನೇದು."

"ಏಳನೇದು ಓದಿದೋರು ಒಂಬತ್ತನೇದರ ವಿಜ್ಞಾನ ಬರೀತೀರೇನು?"

"ಒಂದು ಹಾಳಿ ಕೊಡ್ರಿ ಸರ್."

ಅವರು ಹಳೆಯ ಸುತ್ತೋಲೆಯೊಂದರ ಹಿಂಬದಿ ತಿರುಗಿಸಿ ಪೆನ್ನಿನ ಜೊತೆ ಅವಳ ಮುಂದೆ ತಳ್ಳಿದರು. ಹುಸ್ನಾ ಪೆನ್ನು ಹಿಡಿದಳು. ಏನು ಬರೆಯುವುದು? ಅವಳದೇ ಆದ ಒಂದು ಮಾತೂ ಹೊಳೆಯಲಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಮಗಳು ಹೇಳಿದ್ದು. ಕಡೆಗೆ ಸಾನಿಯಾ ಹೋದ ವಾರ ಅಂಗಳದಲ್ಲಿ ಹೇಳಿದ ಜೀವಕೋಶದ ಪಾಠವನ್ನೇ ಬರೆಯತೊಡಗಿದಳು. ಮೊದಲ ಸಾಲು ಮೆಲ್ಲಗೆ ಇಳಿಯಿತು. ಎರಡನೆಯದರಿಂದ ಕೈ ತನ್ನ ದಾರಿ ತಾನು ಹಿಡಿಯಿತು. ಐದು ಸಾಲಾದ ಮೇಲೆ, ಚಿತ್ರಕ್ಕೆ ಜಾಗ ಬಿಟ್ಟು, ಮತ್ತೆ ಮುಂದುವರಿಸಿದಳು.

ಸುಂದರಮ್ಮ ಟೀಚರ್ ಎದ್ದು ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ಒಂದು ಫೇರ್ ನೋಟ್‌ಬುಕ್ಕನ್ನು ತೆಗೆದು ಹಾಳೆಯ ಪಕ್ಕ ಇಟ್ಟರು.

"ಅಯ್ಯ ನನ್ನವ್ವ!" ಎಂದರು. "ಅಂದ್ರ ಎರಡು ವರ್ಷದಿಂದ ನಾ ನಂಬರ್ ಕೊಟ್ಟಿದ್ದು ನಿಮಗೇನ್ರಿ?"

ಹುಸ್ನಾ ತಲೆ ತಗ್ಗಿಸಿದಳು. "ಹೌದ್ರಿ ಟೀಚರ್. ನೀವು 'ಬಹಳ ಚೆನ್ನಾಗಿದೆ' ಅಂತ ಬರದ ದಿನ ನಂಗ ಭಾಳ ಖುಷಿ ಆಗ್ತಿತ್ತು."

ಸುಂದರಮ್ಮ ಟೀಚರ್‌ಗೆ ಸಿಟ್ಟು ಬರುವುದರಲ್ಲಿತ್ತು. ಈ ಮಾತು ಕೇಳಿ ಅವರ ಬಾಯಿ ತೆರೆದದ್ದು ಹಾಗೇ ನಿಂತಿತು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರು.

ಖಂಡೆಪ್ಪ ಸರ್ ನಗಲಿಲ್ಲ. ಎರಡು ಹಾಳೆಗಳನ್ನೂ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು ತಪ್ಪು, ಅಮ್ಮಾ. ನಾ ಇದನ್ನ ಸಾಹೇಬ್ರಿಗಿ ತೋರಿಸೀನಿ. ನಮ್ಮ ಸಾಲಿ ಹೆಮ್ಮೆ ಅಂತ ಹೇಳೀನಿ."

"ತಪ್ಪು ನಂದು ಸರ್. ಅಕಿದಲ್ಲ. ನಂಬರ್ ಕಡದು ಹಾಕ್ರಿ. ನನಗ ಏನು ಬೈತೀರಿ ಬೈರಿ. ಅಕಿನ್ನ ಹೊರಗ ಹಾಕಬ್ಯಾಡ್ರಿ." ಕೈ ಮುಗಿಯಲು ಎತ್ತಿದವಳು, ನೆನಪಾಗಿ, ತೊಡೆಯ ಮೇಲೆ ಇಟ್ಟುಕೊಂಡಳು. ಆಗ ಬಿಟ್ಟುಹೋಗಿದ್ದ ಮಾತು ಬಾಯಿಗೆ ಬಂತು. "ಅಕಿ ಹೇಳ್ತಾಳ, ಯಾರರ ಬರಕೊಳ್ಳಲಿ. ಸಾಲಿಯವರು ಇಷ್ಟು ಮಾಡ್ಬೇಕ್ರಿ."

ಖಂಡೆಪ್ಪ ಸರ್ ಹಾಳೆಗಳನ್ನು ಕೆಳಗಿಟ್ಟು, ಜವಾನನನ್ನು ಕೂಗಿ ಸಾನಿಯಾಳನ್ನು ಕರೆಸಿದರು. ಚರಿತ್ರೆ ಕಲಿಸುವವರು ಅವರೇ.

"ಫ್ರಾನ್ಸಿನ ಕ್ರಾಂತಿ ಬಗ್ಗೆ ನಾ ಹೋದ ತಿಂಗಳು ಏನು ಹೇಳಿದ್ದೆ? ಹೇಳು."

ಸಾನಿಯಾ ತಾಯಿಯ ಮುಖ ನೋಡಿದಳು. ಹುಸ್ನಾ ತಲೆಯಾಡಿಸಿದಳು. ಹುಡುಗಿ ಶುರುಮಾಡಿದಳು. ರಾಜ, ರಾಣಿ, ತೆರಿಗೆ, ಬ್ರೆಡ್ಡಿನ ಅಭಾವ, ಸೆರೆಮನೆಗೆ ನುಗ್ಗಿದ ಜನ, ಒಂದರ ಹಿಂದೆ ಒಂದು. "ಆಮ್ಯಾಲ ನೀವು ಕೆಮ್ಮು ಬಂದು ನೀರು ಕುಡದ್ರಿ ಸರ್. ಹೊಟ್ಟಿ ಹಸದೋರ ಮುಂದ ಶಾಸ್ತ್ರ ಹೇಳಬಾರ್ದು ಅಂತ ನಿಮ್ಮ ಎಮ್ಮಿ ಕಥಿ ಹೇಳಿದ್ರಿ. ಮೇವು ಹಾಕೋದು ತಡ ಆಗಿದ್ದಕ್ಕ ಅದು ನಿಮ್ಮ ಅಂಗಿ ತಿಂದಿದ್ದು. ಆ ಎಮ್ಮಿ ಕಥಿನೂ ಹೇಳ್ಲೇನ್ರಿ?"

"ಬ್ಯಾಡ, ಬ್ಯಾಡ," ಎಂದರು ಖಂಡೆಪ್ಪ ಸರ್ ಅವಸರದಲ್ಲಿ. ಮೀಸೆಯ ಕೆಳಗೆ ನಗೆ ಮೂಡಿತ್ತು. ಹಾಳೆ ಕೊಟ್ಟು, "ಈಗ ಹೇಳಿದ್ದರಾಗ ಎರಡು ಸಾಲು ಬರಿ," ಎಂದರು.

ಸಾನಿಯಾ ಬಗ್ಗಿ ಬರೆಯತೊಡಗಿದಳು. ಗೋಡೆ ಗಡಿಯಾರದ ದೊಡ್ಡ ಮುಳ್ಳು ಒಂದು ಮನೆ ದಾಟಿತು. ಹುಸ್ನಾಳ ಬಲಗೈ ಬೆರಳುಗಳು ತಾವಾಗಿ ಮಡಚಿಕೊಂಡವು. ಅವಳು ಎಡಗೈಯಿಂದ ಅವನ್ನು ಹಿಡಿದು ಕುಳಿತಳು. ಮುಳ್ಳು ಇನ್ನರ್ಧ ಮನೆ ಸರಿಯಿತು. ಖಂಡೆಪ್ಪ ಸರ್ ಕುರ್ಚಿಯಿಂದೆದ್ದು ಹುಡುಗಿಯ ಹಿಂದೆ ಬಂದು ನಿಂತರು. ಹೊಡೆದು ಹಾಕಿದ ಅಕ್ಷರಗಳನ್ನು, ಹಾಳೆಯನ್ನು ತೂತು ಮಾಡಿದ ಪೆನ್ನಿನ ಮೊನೆಯನ್ನು ನೋಡಿದರು.

"ಸಾಕು ಮಗಾ," ಎಂದರು. "ಕ್ಲಾಸಿಗಿ ಹೋಗು."

ಅವಳು ಹೋದ ಮೇಲೆ ತಮ್ಮ ಜಾಗಕ್ಕೆ ಬಂದು ಕುಳಿತರು. "ಪರೀಕ್ಷಾದಾಗ ಪೇಪರ್ ಖಾಲಿ ಕಂಡಾಗೆಲ್ಲಾ ನಾ ಅಕಿನ್ನ ಎಲ್ಲಾರ ಮುಂದ ನಿಂದ್ರಿಸೀನಿ," ಎಂದರು, ಯಾರಿಗೂ ಅಲ್ಲದಂತೆ. "ನೋಟ್‌ಬುಕ್ ತೋರಿಸಿ ತೋರಿಸಿ ಬೈದೀನಿ."

"ನಿಮಗ ಹ್ಯಾಂಗ ಗೊತ್ತಾಗಬೇಕ್ರಿ ಸರ್," ಎಂದಳು ಹುಸ್ನಾ. ಅದು ಸಮಾಧಾನದ ಮಾತಲ್ಲ. ಅವಳಿಗೆ ಹಾಗೇ ಅನ್ನಿಸಿತ್ತು.

ಉಮಾದೇವಿ ಆಗ ಬಾಯಿ ಬಿಟ್ಟರು. "ಈ ತಾಯಿ ಮಗಳು ಮನ್ಯಾಗ ಕದ್ದು ಮಾಡಿದ್ದನ್ನೇ ಸರ್ಕಾರ ಎದುರಿಗೇ ಮಾಡ್ರಿ ಅಂತದ ಸರ್. ಒಬ್ರು ಹೇಳೋದು, ಒಬ್ರು ಬರಕೊಳ್ಳೋದು. ಕಾಗದ ಒಂದು ಬೇಕು, ಅಷ್ಟೇ. ಬರಿಯೋರು ತಾಯಿ ಆಗ್ಬಾರ್ದು, ಅದೊಂದು."

"ಕೊಡ್ರಿ ಇಲ್ಲಿ ನಿಮ್ಮ ಫಾರಂ," ಎಂದರು ಖಂಡೆಪ್ಪ ಸರ್. ಉಮಾದೇವಿ ಪೆನ್ನಿಗಾಗಿ ಚೀಲ ತಡಕಾಡುತ್ತಿರುವಾಗಲೇ ತಮ್ಮದರಿಂದ ಸಹಿ ಮಾಡಿ, ಸೀಲು ಹೊಡೆದರು. ಆಮೇಲೆ ಸುಂದರಮ್ಮ ಟೀಚರ್ ಕಡೆ ನೋಡಿ, "ಆ ನೋಟ್‌ಬುಕ್ ನಂಬರ್ ತಗೀರಿ. ಇನ್ನ ಮ್ಯಾಲ ಅಕಿ ಬಾಯಿಂದ ಕೇಳಿ ನಂಬರ್ ಹಾಕ್ರಿ," ಎಂದರು. ಆರು ನೋಟ್‌ಬುಕ್ಕುಗಳನ್ನು ಹುಸ್ನಾಳ ಮುಂದೆ ಸರಿಸಿದರು. "ಇವನ್ನ ನೀವೇ ಒಯ್ರಿ. ನಿಮ್ಮವೇ ಅಂದಿರಲ್ಲ."

ಶನಿವಾರ ತಾಯಿ ಮಗಳು ವಾಡಿಯಲ್ಲಿ ಬಸ್ಸು ಬದಲಿಸಿ ಚಿತ್ತಾಪುರ ತಲುಪುವಾಗ ಶಿಬಿರದ ವರಾಂಡ ತುಂಬಿತ್ತು. ಮಡಿಲಲ್ಲಿ ಮಕ್ಕಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ತುಂಬ ಕಾಗದಗಳು. ಸಾನಿಯಾಳ ಸರದಿ ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಬಾಗಿಲು ಮುಚ್ಚಿತು. ತಾಯಂದಿರು ಹೊರಗೇ ಇರಬೇಕು ಎಂದರು.

ಪಕ್ಕದಲ್ಲಿ ಮುಧೋಳದ ಕಡೆಯಿಂದ ಚಿತ್ತಾಪುರಕ್ಕೆ ದುಡಿಯಲು ಬಂದ ಚಂದಮ್ಮ ಎಂಬಾಕೆ ತನ್ನ ಮಗನನ್ನು ಕರೆದುಕೊಂಡು ಕುಳಿತಿದ್ದಳು. "ನಮ್ಮಂವಂದು ಏನಿಲ್ರಿ, ಬರೇ ಮೈಗಳ್ಳತನ," ಎಂದಳು. "ಉಮಾದೇವಿ ಮೇಡಂ ಸುಮ್ನ ಎಳಕೊಂಡು ಬಂದಾರ. ಸಾಲಿಯವರಂತೂ ದಡ್ಡ ಕತ್ತಿ ಅಂತಾರ."

"ನಿಮಗ ಏನನಸ್ತದ?" ಎಂದು ಹುಸ್ನಾ ಕೇಳಿದಳು.

ಚಂದಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. "ಕತ್ತಿ ಅಲ್ರಿ. ದನಾ ಕಾಯ್ಲಿಕ್ಕ ಹೋದ್ರ ಎಲ್ಲಿ ಯಾವ ದನ ಅದ ಅಂತ ಅಂವಗೇ ಗೊತ್ತು."

"ಹಂಗಾದ್ರ ಅದನ್ನೇ ಮದಲ ಹೇಳ್ರಿ. ಏನು ಬರ್ತದ ಅನ್ನೋದು ಮದಲ. ಆಮ್ಯಾಲ ಏನು ಬರಂಗಿಲ್ಲ. ಆಮ್ಯಾಲ ಸಾಲಿಯವರು ಏನು ಮಾಡ್ಬೇಕು. ಮತ್ತ..." ಹುಸ್ನಾ ಚಂದಮ್ಮನ ಕಡೆ ಪೂರ್ತಿ ತಿರುಗಿದಳು. "ಮುಚ್ಚಿಡಬ್ಯಾಡ್ರಿ. ನಾ ಮುಚ್ಚಿಟ್ಟು ನಾಕು ವರ್ಷ ಕಳದೀನಿ."

ಒಂದೂವರೆ ಗಂಟೆಯ ಮೇಲೆ ಬಾಗಿಲು ತೆರೆಯಿತು. ಒಳಗಿದ್ದ ಸಣ್ಣ ವಯಸ್ಸಿನ ಹೆಣ್ಣುಮಗಳು, ಮಕ್ಕಳ ಓದು ಬರಹ ಪರೀಕ್ಷಿಸುವವಳು, ಹುಸ್ನಾಳನ್ನು ಕರೆದು ಕೂರಿಸಿದಳು. ಬುದ್ಧಿ ಚುರುಕಾಗಿದೆ, ವಯಸ್ಸಿಗಿಂತ ಒಂದು ಹೆಜ್ಜೆ ಮುಂದೆಯೇ ಇದೆ ಎಂದಳು. ಅಕ್ಷರಗಳನ್ನು ಕಣ್ಣು ನೋಡಿದರೂ ಅವು ತಲೆಯಲ್ಲಿ ಜೋಡಣೆಯಾಗುವುದಿಲ್ಲ. ಇದು ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ. ಹೇಳಿ ಬರೆಸುವುದಕ್ಕೆ, ಹೆಚ್ಚಿನ ಸಮಯಕ್ಕೆ ಶಿಫಾರಸು ಮಾಡಿದ್ದೇನೆ. ದಿನಾ ಸ್ವಲ್ಪ ಸ್ವಲ್ಪ ಅವಳ ಕೈಯಿಂದಲೇ ಬರೆಸಿ, ಎಷ್ಟು ಸೊಟ್ಟಗಾದರೂ ಚಿಂತೆಯಿಲ್ಲ.

"ಯಾರ ತಪ್ಪೂ ಅಲ್ಲ," ಎಂಬಲ್ಲಿಗೆ ಬಂದಾಗ ಹುಸ್ನಾ ಇನ್ನೊಮ್ಮೆ ಹೇಳಲು ಕೇಳಿಕೊಂಡಳು. ಆಕೆ ಇನ್ನೊಮ್ಮೆ ಹೇಳಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ವಾಡಿ ಬರುವ ಮೊದಲೇ ಸಾನಿಯಾ ತಾಯಿಯ ಹೆಗಲಿಗೆ ತಲೆಯಿಟ್ಟು, ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಅಮ್ಮೀ, ಇನ್ನ ನೀ ಬರಿಯಂಗಿಲ್ಲಲ್ಲ. ಸಂಜಿ ಮುಂದ ಏನ್ ಮಾಡ್ತಿ?"

ಹುಸ್ನಾ ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿದಳು. ಮೂರು ಗಂಟೆಗೆ ಚಡಪಡಿಸುವ ಬೆರಳುಗಳಿಗೆ ಏನು ಹೇಳುವುದು? ಅದು ನೋವೇ ಸರಿ. ಆದರೆ ಇದು ಹೊರಬಹುದಾದ ನೋವು ಅನ್ನಿಸಿತು. ಇಷ್ಟು ದಿನ ಹೊತ್ತದ್ದರ ಮುಂದೆ ಇದರ ತೂಕವೆಷ್ಟು? "ನೋಡೋಣ," ಎಂದಳು. ಸಾನಿಯಾ ಆಗಲೇ ನಿದ್ದೆ ಹೋಗಿದ್ದಳು.

ಶಹಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಅಲ್ಲಾವುದ್ದೀನ ಬೈಕು ನಿಲ್ಲಿಸಿ ಕಾಯುತ್ತಿದ್ದ. ಯಾರ್ಡಿನಿಂದ ನೇರವಾಗಿ ಬಂದಿದ್ದ, ಮೋರೆ ಕೂಡ ತೊಳೆದಿರಲಿಲ್ಲ. ನೋಟ್‌ಬುಕ್ಕಿನ ವಿಷಯ ಹಿಂದಿನ ದಿನ ಅವನಿಗೆ ಹೇಳಿಯಾಗಿತ್ತು. ಅವನು ಆರೂ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಬಾಗಿಲ ಬೆಳಕಿನಲ್ಲಿ ಒಂದೊಂದೇ ಹಾಳೆ ತಿರುವಿ ನೋಡಿದ್ದ.

"ಏನಂದ್ರು?" ಎಂದ.

"ಅದ ಅಂದ್ರು," ಎಂದಳು ಹುಸ್ನಾ.

"ಅದ?"

"ಹೂಂ. ಅದ ಅಂತ ಬರದು ಕೊಟ್ಟಾರ. ಸಹಿ ಮಾಡ್ಯಾರ." ಹೇಳುತ್ತ ಹೇಳುತ್ತ ಅವಳಿಗೆ ನಗೆ ಬಂತು. ತಡೆಯಲು ನೋಡಿದಷ್ಟೂ ಹೆಚ್ಚಾಯಿತು. ಕಣ್ಣಲ್ಲಿ ನೀರು ಬಂದು, ನಿಂತಲ್ಲೇ ಬೈಕಿನ ಸೀಟು ಹಿಡಿದುಕೊಂಡಳು.

ಅಲ್ಲಾವುದ್ದೀನ ಸುತ್ತಲಿನ ಮಂದಿಯನ್ನು ನೋಡಿದ. "ಮಗಳಿಗಿ ತೊಂದರಿ ಅದ ಅಂತ ಬರದು ಕೊಟ್ರ ಹಿಂಗ ನಗೋ ತಾಯಿನ್ನ ನಾ ಇವತ್ತೇ ನೋಡಿದ್ದು!"

"ಅಬ್ಬಾ, ನಂಗ ಹಸಿವ್ಯಾಗಿ ಜೀವಾ ಹೊಂಟದ," ಎಂದು ಸಾನಿಯಾ ಅಪ್ಪನ ತೋಳು ಹಿಡಿದಳು.

ಎದುರಿನ ಗಾಡಿಯಲ್ಲಿ ಮಂಡಕ್ಕಿ ಒಗ್ಗರಣೆಯ ಸುಸಲಾ, ಮಿರ್ಚಿ ಬಜ್ಜಿ ಬಿಸಿ ಬಿಸಿಯಾಗಿ ಇಳಿಯುತ್ತಿದ್ದವು. ಮೂರು ತಟ್ಟೆ ಬಂತು. ಬುಧವಾರದಿಂದ ಹುಸ್ನಾ ಹೊಟ್ಟೆ ತುಂಬ ಉಂಡಿರಲಿಲ್ಲ. ಈಗ ತಲೆ ಎತ್ತದೆ, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ ತಟ್ಟೆ ಖಾಲಿ ಮಾಡಿದಳು. ಗಾಡಿಯವನ ಕಡೆ ತಟ್ಟೆ ಚಾಚಿ ಹೇಳಿದಳು.

"ಇನ್ನೊಂದು ಹಾಕ್ರಿ ಭಯ್ಯಾ. ಮಿರ್ಚಿ ಎರಡು ಹೆಚ್ಚಿಗಿ."